ಲಾಂಡ್ರಿಯಕ್ಕ ತೊಳೆದು ಹಾಕಿದ ಪ್ರವಾಹ

ಬಟ್ಟೆಯ ಮೇಲಿನ ಕಲೆ ಎಲ್ಲಿಂದ ಬಂತು ಎಂದು ತಿಳಿಯದೆ ಲಾಂಡ್ರಿಯಕ್ಕ ಅದಕ್ಕೆ ನೀರು ಮುಟ್ಟಿಸುವವಳಲ್ಲ. ಇದು ಅವಳ ಕಸುಬಿನ ರೀತಿಯೂ ಹೌದು, ಹುಟ್ಟುಗುಣವೂ ಹೌದು. ಗಿರಾಕಿ ಅಂಗಿಯನ್ನು ಕೌಂಟರಿನ ಮೇಲೆ ಇಟ್ಟು ತಿರುಗುವಷ್ಟರಲ್ಲಿ ಅವಳು ಅದನ್ನು ಬೆಳಕಿಗೆ ಹಿಡಿದು, ಮೂಗಿನ ಹತ್ತಿರ ತಂದು, ಉಗುರಿನಿಂದ ಒಮ್ಮೆ ಕೆರೆದು, "ಇದೇನಿದು?" ಎಂದು ಕೇಳಿಯಾಗಿರುತ್ತದೆ. ಏನೋ ಎಣ್ಣೆ ಇರಬೇಕು ಎಂದು ಜಾರಿಕೊಳ್ಳಲು ಬಿಡುವುದಿಲ್ಲ. "ಯಾವ ಎಣ್ಣೆ? ಅಡುಗೆದೋ, ಗಾಡಿದೋ? ಬಿಸಿ ಇತ್ತೋ, ತಣ್ಣಗಿತ್ತೋ? ಆಮೇಲೆ ನೀವೇನಾದ್ರೂ ಉಜ್ಜಿದ್ರಾ?" ಒಮ್ಮೆ ಊರಿನ ದೊಡ್ಡ ವಕೀಲರೊಬ್ಬರು ತಮ್ಮ ಕಾಲರಿನ ಕಂದು ಕಲೆ ಚಹಾದ್ದು ಎಂದು ಸಾಧಿಸಿದರು. ಅಕ್ಕ ಅಂಗಿಯನ್ನು ಪಕ್ಕಕ್ಕಿಟ್ಟು, "ಚಹಾ ಕತ್ತಿನ ಹಿಂದಕ್ಕೆ ಹೇಗೆ ಹೋಯ್ತು ಅಂತ ಯೋಚನೆ ಮಾಡಿ, ನಾಳೆ ಹೇಳಿ" ಎಂದಳು. ವಕೀಲರು ಅತ್ತಿತ್ತ ನೋಡಿ, ಬಗ್ಗಿ, ಅದು ತಲೆಗೂದಲಿನ ಬಣ್ಣ ಎಂದು ಪಿಸುಗುಟ್ಟಿದರು. ಕೋರ್ಟಿನಲ್ಲೂ ಸತ್ಯ ಇಷ್ಟು ಬೇಗ ಹೊರಬರುವಂತಿದ್ದರೆ ಆ ವಕೀಲರು ಬೇರೆ ಕೆಲಸ ಹುಡುಕಿಕೊಳ್ಳಬೇಕಾಗಿತ್ತು.

ಕೇಳಿದ್ದನ್ನು ಅವಳು ಯಾರಿಗೂ ಹೇಳುತ್ತಿರಲಿಲ್ಲ. ಯಾರ ಮನೆಯ ಮೇಜುಬಟ್ಟೆಯ ಮೇಲೆ ಮದ್ಯ ಚೆಲ್ಲಿದೆ, ಯಾರ ಕರವಸ್ತ್ರದಲ್ಲಿ ರಕ್ತವಿದೆ ಎಂಬುದೆಲ್ಲ ಅವಳ ಹೊಟ್ಟೆಯಲ್ಲೇ ಉಳಿಯುತ್ತಿತ್ತು. ಅದಕ್ಕೇ ಜನ ಅವಳ ಪ್ರಶ್ನೆಗಳಿಗೆ ಗೊಣಗಿದರೂ ಬಟ್ಟೆ ತಂದು ಹಾಕುವುದನ್ನು ಬಿಡಲಿಲ್ಲ. ಅವಳಿಗಿಂತ ಹತ್ತು ವರ್ಷ ದೊಡ್ಡವರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು.

ಅಂಗಡಿ ಇದ್ದದ್ದು ಬೀದಿಯ ಮೇಲ್ಭಾಗದ ಸಾಲಿನಲ್ಲಿ. ರಸ್ತೆಯಿಂದ ನಾಲ್ಕು ಮೆಟ್ಟಿಲು ಹತ್ತಿದರೆ ಮುಂದಿನ ಕೋಣೆ: ಕೌಂಟರು, ಇಸ್ತ್ರಿ ಮೇಜು, ಬಟ್ಟೆ ತೂಗುಹಾಕುವ ಉದ್ದನೆಯ ಕಂಬಿ. ಅಲ್ಲಿಂದ ಹಿಂದಕ್ಕೆ ಐದಾರು ಮೆಟ್ಟಿಲು ಇಳಿದರೆ ತೊಳೆಯುವ ಕೋಣೆ. ಅಲ್ಲಿ ದುಂಡು ಗಾಜಿನ ಬಾಗಿಲಿನ ದೊಡ್ಡ ಮೆಷಿನ್ನು, ನೀರು ಹಿಂಡುವ ಇನ್ನೊಂದು ಮೆಷಿನ್ನು, ನೆಲದ ನಡುವೆ ಕಬ್ಬಿಣದ ಜಾಲರಿ ಹೊದಿಸಿದ ಮೋರಿ ಬಾಯಿ. ಇಡೀ ಲಾಂಡ್ರಿಯ ಕೊಳೆನೀರು ಆ ಬಾಯಿಯಿಂದ ಇಳಿದು ಊರಿನ ಚರಂಡಿ ಸೇರುತ್ತಿತ್ತು. ಇದನ್ನೆಲ್ಲ ಕಟ್ಟಿದ್ದು ಅಕ್ಕನ ಗಂಡ. ಅವನು ತೀರಿಕೊಂಡ ಮೇಲೆ ತೊಳೆಯುವುದು ಅಕ್ಕನ ಪಾಲಿಗೆ, ಇಸ್ತ್ರಿ ಮೈದುನನ ಪಾಲಿಗೆ ಬಂತು. ಮೈದುನ ಒಳ್ಳೆಯವನು, ಕೆಲಸಗಾರ. ಆದರೆ ತಲೆಯಲ್ಲಿ ಸದಾ ಒಂದಲ್ಲ ಒಂದು ಐಡಿಯಾ ಕುದಿಯುತ್ತಿರುತ್ತಿತ್ತು. ಬೆಂದದ್ದನ್ನು ಯಾರೂ ನೋಡಿರಲಿಲ್ಲ.

ಅಂಗಡಿ ನಡೆಯುತ್ತಿದ್ದದ್ದು ಮುಖ್ಯವಾಗಿ ಎರಡರಿಂದ. ಒಂದು, ಬಸ್ ನಿಲ್ದಾಣದ ಪಕ್ಕದ ಲಾಡ್ಜಿನ ಹಾಸಿಗೆ ಬಟ್ಟೆ. ಇನ್ನೊಂದು, ಊರಿನ ಬ್ಯಾಂಡಿನವರ ಬಿಳಿ ಕೋಟುಗಳು. ಕೋಟುಗಳೇನೂ ಬಹಳ ಇರಲಿಲ್ಲ, ಆದರೆ ಬ್ಯಾಂಡ್ ಮೇಷ್ಟ್ರ ಬಾಯಿ ದೊಡ್ಡದು. ತೊಳೆದ ಕೋಟನ್ನು ಬಿಸಿಲಿಗೆ ಹಿಡಿದು, ಕಣ್ಣು ಕಿರಿದು ಮಾಡಿ, "ಬಿಳಿ ಅಂದ್ರೆ ಇದು" ಎಂದು ಅವರು ಒಮ್ಮೆ ಹೇಳಿದರೆ ಆ ವಾರ ನಾಲ್ಕು ಹೊಸ ಗಿರಾಕಿಗಳು ಬರುತ್ತಿದ್ದರು.

ಆ ಮಳೆಗಾಲದಲ್ಲಿ ಹೊಳೆ ಉಕ್ಕಿ ಬೀದಿಯ ಕೆಳಭಾಗ ಮುಳುಗಿತು. ಕ್ಷೌರದಂಗಡಿ, ಪುಸ್ತಕದಂಗಡಿ, ಸೈಕಲ್ ರಿಪೇರಿಯವನ ಶೆಡ್ಡು ಎಲ್ಲಕ್ಕೂ ನೀರು ನುಗ್ಗಿತು. ಬೆಳಗ್ಗೆ ಅಕ್ಕ, ಮೈದುನ ಜೀವ ಕೈಯಲ್ಲಿ ಹಿಡಿದುಕೊಂಡು ಬಂದು ಶಟರ್ ಎತ್ತಿದರೆ, ಮೇಲಿನ ಸಾಲಿನ ಮೆಟ್ಟಿಲುಗಳ ಪೈಕಿ ಎರಡಷ್ಟೇ ನೆನೆದಿದ್ದವು. ಮುಂದಿನ ಕೋಣೆ ಒಣಗಿತ್ತು. ಅಕ್ಕ ಉಸಿರು ಬಿಟ್ಟಳು. ಆಗ ಹಿಂದಿನಿಂದ ಗುಳುಗುಳು ಸದ್ದು ಕೇಳಿಸಿತು.

ಊರಿನ ಚರಂಡಿ ತುಂಬಿ, ಹೋಗಲು ದಾರಿಯಿಲ್ಲದ ನೀರು ಆ ಜಾಲರಿಯ ಬಾಯಿಂದಲೇ ಮೇಲಕ್ಕೆ ಬಂದಿತ್ತು. ಅಕ್ಕ ಇಷ್ಟು ವರ್ಷ ಒಳಗಿಂದ ಹೊರಗೆ ಕಳಿಸಿದ್ದೆಲ್ಲ ಊರಿನವರ ಕೊಳೆಯನ್ನೂ ಜೊತೆಗೆ ಕರೆದುಕೊಂಡು ವಾಪಸ್ಸು ಬಂದಂತಿತ್ತು. ಮೆಷಿನ್ನಿನ ಗಾಜಿನ ಬಾಗಿಲಿನ ತನಕ ಕಪ್ಪು ನೀರು. ಬುಟ್ಟಿಗಳು ಮಗುಚಿ ಲಾಡ್ಜಿನ ಹಾಸಿಗೆ ಬಟ್ಟೆ ತಳ ಸೇರಿತ್ತು. ಬ್ಯಾಂಡಿನ ಕೋಟುಗಳು ತೋಳು ಚಾಚಿಕೊಂಡು ಮೇಲೆ ತೇಲುತ್ತಿದ್ದವು.

ಅಕ್ಕ ಹೋಗಿ ಶಟರ್ ಕೆಳಗೆಳೆದಳು. "ಯಾರಿಗೂ ಹೇಳಬೇಡ" ಎಂದಳು.

"ಯಾಕೆ ಅತ್ತಿಗೆ? ಎಲ್ಲರಿಗೂ ಆಗಿದ್ದೇ ನಮಗೂ ಆಗಿದೆ."

"ಎಲ್ಲರಿಗೂ ಬಂದಿದ್ದು ಹೊಳೆ ನೀರು. ನಮಗೆ ಬಂದಿರೋದು ಮೋರಿ ನೀರು. ಮೋರೀಲಿ ಬಿದ್ದ ಕೋಟು ಅಂದ್ರೆ ಯಾರು ಕಣೋ ಮೈಮೇಲೆ ಹಾಕ್ಕೊಳ್ತಾರೆ?"

ನೀರು ಇಳಿದ ಮೇಲೆ ಅವರಿಬ್ಬರೂ ಮುಚ್ಚಿದ ಶಟರಿನ ಹಿಂದೆ ಮಾಡಿದ ಕೆಲಸವನ್ನು ನೋಡಿದವರಿಲ್ಲ. ಒಂದೊಂದು ಬಟ್ಟೆಯನ್ನೂ ಕುದಿಯುವ ನೀರಿಗೆ ಹಾಕಿ, ಸೋಡಾ ಹಾಕಿ, ಆಸ್ಪತ್ರೆಗಳಲ್ಲಿ ಬಳಸುವ ಕ್ರಿಮಿನಾಶಕ ಹಾಕಿ, ಕೈಯಲ್ಲೇ ಉಜ್ಜಿ, ಜಾಲಿಸಿ, ಮತ್ತೆ ಮೊದಲಿಂದ ಅದನ್ನೇ ಮಾಡಿದರು. ತಾರಸಿಯ ಮೇಲೆ ಬಿಸಿಲು ಬಿದ್ದಾಗಲೆಲ್ಲ ಹರವಿದರು. ಅಕ್ಕನ ಬೆರಳ ತುದಿಗಳು ಸುಲಿದುಹೋದವು. ಕೊನೆಗೆ ಒಂದೊಂದನ್ನೂ ಮೂಗಿಗೆ ಒತ್ತಿಕೊಂಡು ವಾಸನೆ ನೋಡಿ, ಏನೂ ಇಲ್ಲ ಎಂದು ಖಾತ್ರಿಯಾದ ಮೇಲೆ ಮೈದುನನಿಗೆ ಇಸ್ತ್ರಿಗೆ ಕೊಟ್ಟಳು. ಅಲ್ಲಿಗೂ ನಿಲ್ಲಿಸಲಿಲ್ಲ. ನೆಲ ತಿಕ್ಕಿದಳು, ಗೋಡೆಗೆ ಸುಣ್ಣ ಬಳಿಸಿದಳು, ಮೆಷಿನ್ನಿನ ಹಿಂದಿನ ತಗಡು ಬಿಚ್ಚಿಸಿ ಒಳಗೆಲ್ಲ ಒರೆಸಿ ಎಣ್ಣೆ ಕೊಟ್ಟಳು. ಮೆಷಿನ್ನು ಕನ್ನಡಿಯ ಹಾಗೆ ಹೊಳೆಯಿತು, ಆದರೆ ತಿರುಗಲಿಲ್ಲ. ಸ್ವಿಚ್ ಒತ್ತಿದರೆ ಸುಟ್ಟ ವಾಸನೆ ಬಂತು, ಅಷ್ಟೇ.

ಬಟ್ಟೆಗಳೆಲ್ಲ ಗಿರಾಕಿಗಳ ಮನೆ ಸೇರಿದವು. ಒಬ್ಬರೂ ಒಂದು ಮಾತು ಆಡಲಿಲ್ಲ. ಪಕ್ಕದಂಗಡಿಯ ಟೈಲರು ಬಂದು, "ಅಕ್ಕ, ನಿಮ್ಮಲ್ಲಿ ನೀರು ಬಂತಾ?" ಎಂದು ಕೇಳಿದಾಗ ಅಕ್ಕ ಮುಖ ನೋಡದೆ, "ಇಲ್ಲಪ್ಪ, ಮೆಟ್ಟಿಲು ಕಾಪಾಡಿತು" ಎಂದಳು. ಟೈಲರು ಅದನ್ನು ಬೀದಿಗೆಲ್ಲ ಹೇಳಿದ. ಊರಿನವರ ಸುಳ್ಳನ್ನೆಲ್ಲ ಕಾಲರಿನಲ್ಲಿ ಹಿಡಿಯುತ್ತಿದ್ದ ಹೆಂಗಸು ಇಷ್ಟು ದೊಡ್ಡ ಸುಳ್ಳನ್ನು ಎಷ್ಟು ಸಲೀಸಾಗಿ ಹೇಳಿದಳೋ!

ಆಮೇಲೆ ಸರ್ಕಾರದ ಪ್ರಕಟಣೆ ಬಂತು. ಪ್ರವಾಹದಲ್ಲಿ ಹಾನಿಯಾದ ಸಣ್ಣ ಅಂಗಡಿಗಳಿಗೆ ಕಡಿಮೆ ಬಡ್ಡಿಯ ಪುನಶ್ಚೇತನ ಸಾಲ, ಮೊದಲ ವರ್ಷ ಕಂತು ಕಟ್ಟಬೇಕಾಗಿಲ್ಲ. ಶಾಲೆಯ ಸಭಾಂಗಣದಲ್ಲಿ ಮೇಜು ಹಾಕಿದ್ದರು. ಅಕ್ಕ ಹೋಗಿ ಕೂತು ಅಲ್ಲಿನ ಗುಮಾಸ್ತನಿಗೆ ಬೆವರಿಳಿಸಿದಳು. "ಸಾಲದಲ್ಲಿ ಮೆಷಿನ್ ತಗೊಂಡೆ ಅನ್ನಿ, ಮುಂದಿನ ವರ್ಷ ಮತ್ತೆ ನೀರು ಬಂದ್ರೆ? ಆಗ ಎರಡನೇ ಸಾಲ ಕೊಡ್ತೀರಾ, ಮೊದಲನೇದು ಮನ್ನಾ ಮಾಡ್ತೀರಾ? ಅಂಗಡೀನ ಎತ್ತರದ ಜಾಗಕ್ಕೆ ಸಾಗಿಸೋಕೂ ಕೊಡ್ತೀರಾ? ಈ ಬಡ್ಡಿ ಯಾರು ಲೆಕ್ಕ ಹಾಕಿದ್ದು?"

"ಅಮ್ಮ, ಹಿಂದೆ ಜನ ನಿಂತಿದಾರೆ" ಎಂದ ಗುಮಾಸ್ತ. "ಅರ್ಜಿ ಕೊಟ್ಟು ಹೋಗಿ. ಮೇಡಂ ಬಂದು ಹಾನಿ ನೋಡ್ತಾರೆ. ಕಣ್ಣಿಗೆ ಕಂಡಿದ್ದಕ್ಕೆ ಸಾಲ."

ಕಣ್ಣಿಗೆ ಕಂಡಿದ್ದಕ್ಕೆ ಎಂಬ ಮಾತಿನ ಅರ್ಥ ಅವಳಿಗೆ ಆದದ್ದು ವಾಪಸ್ಸು ಬರುವಾಗ. ಕ್ಷೌರದಂಗಡಿಯ ಕುರ್ಚಿಯ ಮೇಲೆ ಇನ್ನೂ ಗೇಣುದ್ದ ಕೆಸರು ಕೂತಿತ್ತು. ಅಕ್ಕನಿಗೆ ನೋಡಿ ಕೈ ತುರಿಸಿತು. "ಇನ್ನೂ ತೊಳೆದಿಲ್ವೇನಪ್ಪಾ?"

"ಸುಮ್ನಿರಿ ಅಕ್ಕ, ಮುಟ್ಟಬೇಡಿ" ಎಂದು ಕ್ಷೌರಿಕ ಅಡ್ಡ ಬಂದ. "ಆಫೀಸರು ನೋಡೋ ತನಕ ಇದೇ ನಮ್ಮ ಆಸ್ತಿ."

ಪುಸ್ತಕದಂಗಡಿಯವನು ಉಬ್ಬಿದ ಪುಸ್ತಕಗಳಿಗೆ ಕಾವಲು ಕೂತಿದ್ದ. ಬೀದಿಯಲ್ಲಿ ಎಲ್ಲರೂ ತಮ್ಮ ತಮ್ಮ ಕೆಸರನ್ನು ಜೋಪಾನ ಮಾಡಿದ್ದರು. ಅಕ್ಕನಿಗೆ ತಾನು ಸುಣ್ಣ ಬಳಿಸಿದ ಗೋಡೆ ನೆನಪಾಯಿತು.

ಮೇಡಂ ಎಂಬಾಕೆ ನಡುವಯಸ್ಸಿನವರು, ಮೊಣಕಾಲುದ್ದದ ರಬ್ಬರ್ ಬೂಟು, ಕುತ್ತಿಗೆಯಲ್ಲಿ ಕ್ಯಾಮೆರಾ. ಅವರು ಲಾಂಡ್ರಿಯ ಬಾಗಿಲಲ್ಲಿ ಒಂದು ಗಳಿಗೆ ನಿಂತು, ಒಳಗಿನ ನೆಲ ನೋಡಿ, ಬೂಟು ಬಿಚ್ಚಿಟ್ಟು ಬಂದರು. ಹಿಂದಿನ ಕೋಣೆಯಲ್ಲಿ ಟಾರ್ಚು ಬಿಟ್ಟು ಗೋಡೆ ನೋಡಿದರು, ಮೆಷಿನ್ನಿನ ತಗಡು ಬಿಚ್ಚಿಸಿ ಒಳಗೆ ಇಣುಕಿದರು.

"ನೀರು ಎಲ್ಲಿ ತನಕ ಬಂದಿತ್ತು?"

ಅಕ್ಕ ಬಿಳಿ ಗೋಡೆಯ ಮೇಲೆ ಕೈಯಿಟ್ಟು ತೋರಿಸಿದಳು.

"ಗುರುತೇ ಇಲ್ವಲ್ಲ."

"ತೊಳೆದೆ ಮೇಡಂ."

"ಮೋಟಾರು ಸುಟ್ಟಿರೋದು ನಿಜ. ಆದ್ರೆ ಹಳೇ ಮೆಷಿನ್ನು, ತಾನಾಗೇ ಸುಟ್ಟಿರಬಹುದು." ಮೇಡಂ ದನಿಯಲ್ಲಿ ಅನುಮಾನಕ್ಕಿಂತ ಕುತೂಹಲವೇ ಹೆಚ್ಚಿತ್ತು. "ಪಕ್ಕದ ಟೈಲರು ಈ ಸಾಲಿಗೆ ನೀರೇ ಬರಲಿಲ್ಲ ಅಂದ್ರು. ನೀವೇ ಹಾಗಂದ್ರಂತೆ."

ಅಕ್ಕ ಎಲ್ಲವನ್ನೂ ಹೇಳಿದಳು: ಮೋರಿಯ ಬಾಯಿ, ತೇಲಿದ ಕೋಟುಗಳು, ಮುಚ್ಚಿದ ಶಟರು. ಮೇಡಂ ನಡುವೆ ಬಾಯಿ ಹಾಕದೆ ಕೇಳಿದರು. ಜಾಲರಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಒಳಗೆ ಬೆಳಕು ಬಿಟ್ಟು ನೋಡಿದರು. ಅದೂ ತೊಳೆದಿತ್ತು.

"ನಾನು ನಂಬ್ತೀನಿ ಅಂತಾನೇ ಇಟ್ಕೊಳ್ಳಿ" ಎಂದರು ಎದ್ದು. "ಫೋಟೋದಲ್ಲಿ ಏನು ತೋರಿಸಲಿ? ಇನ್ನೊಂದು ದಾರಿ ಇದೆ. ಅವತ್ತು ನಿಮ್ಮಲ್ಲಿ ಯಾರ ಬಟ್ಟೆ ಇತ್ತೋ ಅವರು ಬಂದು, ನಮ್ಮದೂ ನೀರಲ್ಲಿ ಬಿದ್ದು ಹಾಳಾಯ್ತು ಅಂತ ಹೇಳಿದ್ರೆ ಬರ್ಕೋತೀನಿ."

"ಹಾಳಾಗಿಲ್ಲ ಮೇಡಂ. ಬಿದ್ದಿದ್ದು ಅವರಿಗೆ ಗೊತ್ತೂ ಇಲ್ಲ."

"ಗೊತ್ತಾಗದೇ ಇರತ್ತಾ?"

"ಗೊತ್ತಾಗಬಾರದು ಅಂತಾನೇ ತೊಳೆದಿದ್ದು."

ಮೇಡಂ ಅವಳ ಸುಲಿದ ಬೆರಳುಗಳನ್ನು ನೋಡಿದರು. ಶುಕ್ರವಾರದ ತನಕ ಈ ಬೀದಿಯಲ್ಲೇ ಇರುತ್ತೇನೆ, ಏನಾದರೂ ಸಿಕ್ಕಿದರೆ ಕರೆಯಿರಿ ಎಂದು ಬೂಟು ಹಾಕಿಕೊಂಡು ಹೋದರು.

ಮೈದುನನ ತಲೆಯಲ್ಲಿ ಐಡಿಯಾ ಕುದಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಮಧ್ಯಾಹ್ನ ಒಂದು ಬಕೆಟ್ ಕೆಸರು ಹೊತ್ತು ತಂದ. "ಅತ್ತಿಗೆ, ಇದೇನು ಸುಳ್ಳಲ್ಲ. ಇದ್ದಿದ್ದನ್ನ ತೆಗೆದ್ವಿ, ಈಗ ಇದ್ದ ಕಡೆಗೇ ಹಾಕ್ತೀವಿ. ಮೆಷಿನ್ ಮೇಲೆ ಸ್ವಲ್ಪ, ಗೋಡೆಗೆ ಸ್ವಲ್ಪ."

ಅಕ್ಕ ಯೋಚಿಸಿದಳು ಎಂದೇ ಹೇಳಬೇಕು. ಇದ್ದ ಕೆಸರನ್ನು ಮತ್ತೆ ಹಾಕಿದರೆ ಅದು ಸುಳ್ಳೋ, ನಿಜವೋ? ಬಕೆಟ್ಟಿಗೆ ಬೆರಳದ್ದಿ, ಉಜ್ಜಿ, ಮೂಸಿ ನೋಡಿದಳು. "ಇದು ನಮ್ಮ ಕೆಸರಲ್ಲ ಕಣೋ" ಎಂದಳು. "ಕೆಂಪಗಿದೆ, ಮರಳು ಮರಳಾಗಿದೆ. ಇದು ಹೊಳೇದು. ನಮ್ಮದು ಕಪ್ಪು, ಜಿಡ್ಡು."

"ಆ ಮೇಡಂಗೆ ಅದೆಲ್ಲ ಎಲ್ಲಿ ಗೊತ್ತಾಗತ್ತೆ?"

"ನನಗೆ ಗೊತ್ತಾಗತ್ತಲ್ಲ. ತಗೊಂಡು ಹೋಗು, ನೆಲದ ಮೇಲೆ ಚೆಲ್ಲಬೇಡ."

ಅಲ್ಲಿಗೆ ಉಳಿದದ್ದು ಒಂದೇ ದಾರಿ, ಅದು ಅವಳಿಗೆ ಬೇಡವಾದ ದಾರಿ. ಲಾಡ್ಜಿನವನು ಈ ತಿಂಗಳು ಕಾಯುತ್ತೇನೆ ಎಂದಿದ್ದ. ಕೈಯಲ್ಲಿ ತೊಳೆದು ಅಷ್ಟು ಹಾಸಿಗೆ ಬಟ್ಟೆ ಪೂರೈಸುವುದು ಆಗದ ಮಾತು. ಮೆಷಿನ್ನು ಬರದಿದ್ದರೆ ಶಟರ್ ಎಳೆಯಬೇಕು. ಮೆಷಿನ್ನು ಬರಬೇಕೆಂದರೆ ಗಿರಾಕಿಯ ಎದುರು ನಿಂತು, ನಿಮ್ಮ ಕೋಟು ಮೋರಿಯಲ್ಲಿ ಬಿದ್ದಿತ್ತು, ಮುಚ್ಚಿಟ್ಟೆ ಎನ್ನಬೇಕು. ಆಮೇಲೆ ಮೆಷಿನ್ನಿಗೆ ಬಟ್ಟೆ ಹಾಕುವವರು ಯಾರು? ಗಂಡ ಇದ್ದಿದ್ದರೆ ಏನು ಹೇಳುತ್ತಿದ್ದ ಎಂದು ಯೋಚಿಸಿದಳು. ಅವನು ತಲೆ ಕೆರೆದುಕೊಂಡು, ನೀನೇ ಹೇಳು ಎನ್ನುತ್ತಿದ್ದ. ಅಕ್ಕನಿಗೆ ಭಯವಾಗಿತ್ತು. ನೀರು ಮೇಲಕ್ಕೆ ಬಂದ ದಿನವೂ ಅವಳಿಗೆ ಇಷ್ಟು ಭಯವಾಗಿರಲಿಲ್ಲ.

ಹೋಗುವುದಾದರೆ ಎಲ್ಲಕ್ಕಿಂತ ಕಷ್ಟದವರ ಹತ್ತಿರವೇ ಹೋಗಬೇಕೆಂದು ಮಾರನೇ ದಿನ ಬ್ಯಾಂಡ್ ಮೇಷ್ಟ್ರ ಮನೆಗೆ ಹೋದಳು. ಮೇಷ್ಟ್ರು ಬಾಗಿಲ ಬಳಿ ಕೂತು ಬಾಯಲ್ಲಿ ಊದಿ ನುಡಿಸುವ ಪಿಯಾನಿಕಾದ ಬಿಳಿ-ಕಪ್ಪು ಕೀಗಳನ್ನು ಹತ್ತಿಯಿಂದ ಒರೆಸುತ್ತಿದ್ದರು. ಚಪ್ಪಲಿಯನ್ನೂ ಸಾಲಾಗಿ ಜೋಡಿಸಿಡುವ ಮನುಷ್ಯ.

"ಬನ್ನಿ ಅಕ್ಕ. ಏನು ಇಷ್ಟು ದೂರ?"

ಅಕ್ಕ ಕೂರಲಿಲ್ಲ. ಕೂತರೆ ಮಾತು ಗಂಟಲಲ್ಲೇ ಉಳಿಯುತ್ತದೆ ಎನಿಸಿತು. "ಮೇಷ್ಟ್ರೇ, ಹೊಳೆ ಬಂದ ದಿನ ನಿಮ್ಮ ಕೋಟುಗಳು ನಮ್ಮಲ್ಲಿದ್ವಲ್ಲ, ಅವು ಮೋರಿ ನೀರಲ್ಲಿ ಮುಳುಗಿದ್ವು. ಎಲ್ಲಾನೂ. ನಾನು ಹೇಳದೆ ತೊಳೆದು ಕೊಟ್ಟೆ. ತಪ್ಪಾಯ್ತು."

ಮೇಷ್ಟ್ರ ಕೈ ನಿಂತಿತು. ಹತ್ತಿಯನ್ನು ಪಕ್ಕಕ್ಕಿಟ್ಟು, ಎದ್ದು ಒಳಗೆ ಹೋದರು. ಕೋಟು ತಂದು ಮುಖದ ಮೇಲೆ ಎಸೆಯುತ್ತಾರೆ ಎಂದುಕೊಂಡಳು ಅಕ್ಕ. ಎಸೆದರೆ ಎತ್ತಿಕೊಂಡು ಹೋಗುವುದು ಎಂದೂ ತೀರ್ಮಾನಿಸಿದಳು.

ಮೇಷ್ಟ್ರು ಕೋಟು ತಂದದ್ದು ನಿಜ. ಅದರ ಎಡಗಡೆಯ ಒಳ ಅಸ್ತರನ್ನು ತಿರುಗಿಸಿ ತೋರಿಸಿದರು. ಹೊಲಿಗೆಯ ಸಾಲಿನೊಳಗೆ, ಗೊತ್ತಿಲ್ಲದವರಿಗೆ ಕಾಣದ ಹಾಗೆ, ಒಂದು ಉದ್ದನೆಯ ಕಿರಿದಾದ ಜೇಬಿತ್ತು.

"ಇದು ಬ್ಯಾಂಡ್ ನಡೆಸೋ ಕೋಲಿಗೆ. ನಾನೇ ಹೊಲ್ಕೊಂಡಿದ್ದು."

ಅಕ್ಕ ಬೆರಗಾಗಿ ಬಗ್ಗಿ ನೋಡಿದಳು. ಇಷ್ಟು ವರ್ಷ ತೊಳೆದ ಕೋಟು. ಪ್ರತಿಯೊಂದು ಕಲೆಯ ಜಾತಕ ಕೇಳಿದವಳು, ಈ ಜೇಬನ್ನು ಕೇಳಿರಲಿಲ್ಲ. ಮೇಷ್ಟ್ರು ಅದರೊಳಗೆ ಎರಡು ಬೆರಳು ಹಾಕಿ, ಹೊರತೆಗೆದು, ಅಂಗೈ ಮೇಲೆ ಉದುರಿಸಿದರು. ಒಣಗಿದ ಕಪ್ಪು ಮಣ್ಣು, ಒಂದು ಚಿಟಿಕೆಗಿಂತ ಸ್ವಲ್ಪ ಹೆಚ್ಚು.

"ಅಯ್ಯೋ, ಕೊಡಿ" ಎಂದು ಅಕ್ಕ ಕೋಟಿಗೆ ಕೈ ಹಾಕಿದಳು. "ಸಂಜೆಗೆ ತೊಳೆದು ತಂದುಕೊಡ್ತೀನಿ." ಅವಳ ಮುಖ ಕೆಂಪಾಗಿತ್ತು. ತಾನು ಹುಡುಕುತ್ತಿದ್ದ ಸಾಕ್ಷಿ ಇದೇ ಎಂಬುದು ಇನ್ನೂ ತಲೆಗೆ ಹೋಗಿರಲಿಲ್ಲ. ಕೆಸರು ಉಳಿದಿತ್ತು ಎಂಬುದಷ್ಟೇ ಹೋಗಿತ್ತು.

"ನೀವು ಕೋಟು ಕೊಟ್ಟ ದಿನವೇ ಸಿಕ್ತು. ಕೋಲು ಒಳಗೆ ಹೋಗ್ಲಿಲ್ಲ."

"ಅವತ್ತೇ? ಮತ್ತೆ ಯಾಕೆ ಕೇಳ್ಲಿಲ್ಲ?"

"ನೀವೇ ಹೇಳ್ತೀರಿ ಅಂತ ಕಾದೆ. ಹೇಳ್ಲಿಲ್ಲ. ಹೋಗ್ಲಿ, ಹೇಳೋಕೆ ಕಷ್ಟ ಆಗ್ತಿರಬೇಕು ಅಂದ್ಕೊಂಡೆ."

ಅಕ್ಕ ಕೋಟಿನಿಂದ ಕೈ ತೆಗೆದಳು. "ಆಮೇಲೆ ಎರಡು ಸಲ ಹಾಕ್ಕೊಂಡು ಹೋದ್ರಲ್ಲ ಇದನ್ನ, ನಾನೇ ನೋಡಿದೆ. ಗೊತ್ತಿದ್ದೂ ಹಾಕ್ಕೊಂಡ್ರಾ?"

ಮೇಷ್ಟ್ರು ಕೋಟನ್ನು ಬೆಳಕಿಗೆ ಹಿಡಿದರು. "ಬೆಳ್ಳಗಿತ್ತಲ್ಲ" ಎಂದರು.

ಅಕ್ಕನಿಗೆ ಅಳು ಬಂತು. ಅಲ್ಲೇ ಬಾಗಿಲ ಬಳಿ, ಜೋಡಿಸಿಟ್ಟ ಚಪ್ಪಲಿಗಳ ಪಕ್ಕ ಕೂತು ಅತ್ತಳು. ಮೇಷ್ಟ್ರು ಏನು ಮಾಡಬೇಕೆಂದು ತೋಚದೆ ಪಿಯಾನಿಕಾ ಒರೆಸುವುದನ್ನು ಮುಂದುವರಿಸಿದರು.

ಶುಕ್ರವಾರ ಮೇಷ್ಟ್ರು ಕೋಟು ಹಿಡಿದು ಅಂಗಡಿಗೆ ಬಂದರು. ಮೇಡಂ ಜೇಬಿನ ಮಣ್ಣನ್ನು ನೋಡಿದರು, ಮೂಸಿದರು, ಮುಖ ಸಿಂಡರಿಸಿದರು. ಮೂಸಿದ್ದಕ್ಕೆ ಅಕ್ಕನಿಗೆ ಅವರ ಮೇಲೆ ಗೌರವ ಬಂತು. ಆಮೇಲೆ ಉಳಿದ ಕೋಟುಗಳನ್ನೂ, ಯಾಕೆಂದು ಯಾರಿಗೂ ಹೇಳದೆ, ಮೇಷ್ಟ್ರ ಕೈಯಲ್ಲಿ ತರಿಸಿ ಅಸ್ತರಿನ ಮೂಲೆಗಳನ್ನು ಹುಡುಕಿಸಿದರು. ಮತ್ತೆ ಯಾವುದರಲ್ಲೂ ಒಂದು ಕಣ ಸಿಗಲಿಲ್ಲ. ಕ್ಯಾಮೆರಾ ಹಿಡಿದು, "ಅಕ್ಕ, ಕೈ ತೆಗೀರಿ, ಒರೆಸಬೇಡಿ" ಎಂದು ಅವರು ಎರಡು ಸಲ ಹೇಳಬೇಕಾಯಿತು. ತನ್ನ ಅಂಗಡಿಯಿಂದ ಹೋದ ಬಟ್ಟೆಯ ಕೊಳೆ ಸರ್ಕಾರದ ಫೋಟೋ ಆಗುವುದನ್ನು ಅಕ್ಕ ಕೈ ಕಟ್ಟಿಕೊಂಡು ನಿಂತು ನೋಡಿದಳು. ಹಲ್ಲು ಕೀಳಿಸಿಕೊಳ್ಳುವಾಗಲೂ ಅವಳು ಇಷ್ಟು ಸಂಕಟಪಟ್ಟಿರಲಿಲ್ಲ.

ಸಾಲ ಮಂಜೂರಾಯಿತು. ಹೊಸ ಮೆಷಿನ್ನು ಬಂತು. ಈ ಸಲ ಅದು ಕೂತದ್ದು ಮುಂದಿನ ಕೋಣೆಯಲ್ಲಿ, ಎತ್ತರದ ಕಟ್ಟೆಯ ಮೇಲೆ. ಮೋರಿಯ ಬಾಯಿಗೆ ಒಳಮುಖವಾಗಿ ನೀರು ಬಾರದಂತೆ ಮುಚ್ಚಳ ಹಾಕಿಸಿದಳು. ಅದನ್ನು ಹಾಕಿದವನು ಅವಳ ಪ್ರಶ್ನೆಗಳಿಗೆ ಉತ್ತರ ಕೊಟ್ಟು ಕೊಟ್ಟು ಸುಸ್ತಾಗಿ, ಕೊನೆಗೆ ನೀವೇ ಹಾಕಿಕೊಳ್ಳಿ ಎಂದನಂತೆ.

ಇಷ್ಟಕ್ಕೆ ಸುಮ್ಮನಾಗಬಹುದಿತ್ತು. ಮೇಡಂ ಯಾರಿಗೂ ಹೇಳುವವರಲ್ಲ, ಮೇಷ್ಟ್ರೂ ಅಲ್ಲ. ಆದರೆ ಅಕ್ಕ ಆ ದಿನ ಅಂಗಡಿಯಲ್ಲಿ ಬಟ್ಟೆ ಇದ್ದ ಒಬ್ಬೊಬ್ಬರಿಗೂ ತಾನೇ ಹೋಗಿ ಹೇಳಿದಳು. ಮೈದುನ, "ಯಾಕೆ ಅತ್ತಿಗೆ, ಮುಗಿದುಹೋಗಿದ್ದು?" ಎಂದು ತಲೆ ಚಚ್ಚಿಕೊಂಡ. ಲಾಡ್ಜಿನವನು ನಕ್ಕು, ತನ್ನ ಹಾಸಿಗೆ ಬಟ್ಟೆ ಅದಕ್ಕಿಂತ ಕೆಟ್ಟದ್ದನ್ನು ಕಂಡಿದೆ ಎಂದ. ಬ್ಯಾಂಡಿನ ಇಬ್ಬರು ಬೇರೆ ಲಾಂಡ್ರಿ ಹುಡುಕಿಕೊಂಡರು. ಉಳಿದವರು ಮೇಷ್ಟ್ರ ಮುಖ ನೋಡಿ ಉಳಿದರು.

ಕೊನೆಗೆ ಪಕ್ಕದ ಟೈಲರು. ಅವನದೊಂದು ಕಂಬಳಿ ಆ ದಿನ ಅಲ್ಲಿತ್ತು. ಹೇಳಿದ್ದನ್ನು ಪೂರ್ತಿ ಕೇಳಿ, ಅವನು ಮನೆಗೆ ಹೋಗಿ ಕಂಬಳಿ ತಂದು ಕೌಂಟರಿನ ಮೇಲೆ ಇಟ್ಟ. "ನೀವೇ ಇಟ್ಕೊಳ್ಳಿ ಅಕ್ಕ."

ಅಕ್ಕ ಕಂಬಳಿ ಬಿಚ್ಚಿ ಬೆಳಕಿಗೆ ಹಿಡಿದಳು, ಮೂಗಿಗೆ ಒತ್ತಿಕೊಂಡಳು. ಅವನ ಕಡೆಗೂ ಹಿಡಿದಳು. "ಏನಾದ್ರೂ ವಾಸನೆ ಬರ್ತಿದೆಯಾ?"

"ಇಲ್ಲ."

"ಕಲೆ?"

"ಅದೂ ಇಲ್ಲ."

"ಇಷ್ಟು ದಿನ ಹೊದ್ಕೊಂಡ್ರಿ. ಮೈ ಕೆರೀತಾ?"

"ಇಲ್ಲ ಅಕ್ಕ. ಚೆನ್ನಾಗೇ ಇತ್ತು."

"ಮತ್ತೆ?" ಅವಳು ನಿಜವಾಗಿ ತಿಳಿದುಕೊಳ್ಳಬೇಕೆಂದೇ ಕೇಳಿದಳು.

ಟೈಲರು ನೆಲ ನೋಡಿದ. ಕೆಟ್ಟವನಲ್ಲ, ಅವನಿಗೂ ಬೇಸರವಾಗಿತ್ತು. "ಈಗ ಗೊತ್ತಾಯ್ತಲ್ಲ" ಎಂದ.

ಅವನು ಹೋದ ಮೇಲೆ ಅಕ್ಕ ಕಂಬಳಿಯನ್ನು ತಿರುವಿ ತಿರುವಿ ನೋಡಿದಳು. ಇದಕ್ಕೆ ಏನು ಹಾಕಿ ತೊಳೆಯುವುದು ಎಂದು ಅವಳಿಗೆ ಹೊಳೆಯಲಿಲ್ಲ. ಕೊನೆಗೆ ಮಡಿಸಿ ಮನೆಗೆ ಒಯ್ದಳು. ಈಗ ಅದನ್ನು ಅವಳೇ ಹೊದ್ದುಕೊಳ್ಳುತ್ತಾಳೆ. ಬೆಚ್ಚಗಿದೆ.